ಏಳೂ ಹತ್ತರ ಮಳೆ

15 ಮಾರ್ಚ್ 2004, ಸೋಮವಾರ

ಇವತ್ತಿನಿಂದ ನಾನು ಮಳೆ ಬರೆಯಬೇಕಾಗಿಲ್ಲವಂತೆ.

ಮೂವತ್ತೊಂದು ವರ್ಷ ಈ ಕಾಫಿ ಎಸ್ಟೇಟಿನ ರೈಟರಾಗಿ, ಅಂದರೆ ಲೆಕ್ಕದ ಗುಮಾಸ್ತನಾಗಿ, ಇಲ್ಲಿನ ಮಳೆಯನ್ನು ಕೈಯಾರೆ ಅಳೆದು, ಇಂಚು, ಇಂಚಿನ ನೂರನೇ ಪಾಲಾದ ಸೆಂಟು ತಪ್ಪದೆ ಪುಸ್ತಕಕ್ಕೆ ಬರೆದವನು ನಾನು. ಮಲ್ಲಂದೂರಿನ ಸುತ್ತ ಯಾವ ತೋಟದವರಿಗಾದರೂ ತೊಂಬತ್ತೆರಡರಲ್ಲಿ ಕಾಫಿ ಹೂವರಳಿಸುವ ಹೂಮಳೆ ಯಾವ ದಿನ ಬಿತ್ತು ಎಂದು ತಿಳಿಯಬೇಕಾದರೆ ನಮ್ಮ ಆಫೀಸಿಗೇ ಫೋನು ಮಾಡುತ್ತಾರೆ. ತೋಟದ ಈಗಿನ ಧಣಿ ಸಣ್ಣ ಗೌಡರು, ದಿಲೀಪ್, ನಿನ್ನೆ ಚಿಕ್ಕಮಗಳೂರಿನಿಂದ ಜೀಪಿನಲ್ಲಿ ಬಂದು ಒಂದು ಲ್ಯಾಪ್‌ಟಾಪು ಇಳಿಸಿದರು. "ರೈಟ್ರೇ, ಇನ್ನು ಪುಸ್ತಕ ಮುಚ್ಚಿಡಿ. ಇದೇ ಅಳ್ಕೊಂಡು ಇದೇ ಬರ್ಕೊಳುತ್ತೆ" ಎಂದರು. ಇಷ್ಟು ವರ್ಷ ದುಡಿದವನಿಗೆ ಸಿಕ್ಕ ಮರ್ಯಾದೆ ಇಷ್ಟು.

ಆಫೀಸಿನ ಮುಂದೆ ಬೇಲಿ ಕಟ್ಟಿದ ಚೌಕದಲ್ಲಿ ಹಳೆಯ ತಾಮ್ರದ ರೈನ್‌ಗೇಜು ಇದೆ. ಮೇಲೆ ಆಲಿಕೆ, ಒಳಗೆ ಬಾಟಲಿ. ಬೆಳಿಗ್ಗೆ ಬಾಟಲಿಯ ನೀರನ್ನು ಗೆರೆ ಹಾಕಿದ ಗಾಜಿಗೆ ಸುರಿದು ನೋಡಿದರೆ ಮುಗಿಯಿತು. ಈಗ ಅದರ ಪಕ್ಕದಲ್ಲೇ ಬಿಳಿ ಪ್ಲಾಸ್ಟಿಕ್ಕಿನದೊಂದನ್ನು ನೆಟ್ಟಿದ್ದಾರೆ. ಅದರ ವಯರು ಕಿಟಕಿಯೊಳಗೆ ನುಗ್ಗಿ ನನ್ನ ಮೇಜಿನ ಮೇಲಿನ ಪುಟ್ಟ ಪೆಟ್ಟಿಗೆಗೆ ಬರುತ್ತದೆ, ಪೆಟ್ಟಿಗೆಯಿಂದ ಲ್ಯಾಪ್‌ಟಾಪಿಗೆ. ಬಿದ್ದ ಮಳೆಯನ್ನು ಪೆಟ್ಟಿಗೆ ಎಣಿಸುತ್ತದೆ. ಐದೈದು ನಿಮಿಷಕ್ಕೊಮ್ಮೆ ಲ್ಯಾಪ್‌ಟಾಪು ಅದನ್ನು ಕೇಳಿ ಗಂಟೆ ನಿಮಿಷದ ಸಮೇತ ಬರೆದಿಡುತ್ತದಂತೆ.

ಜೋಡಿಸಲು ಬಂದವಳು ಕಂಪ್ಯೂಟರ್ ಅಂಗಡಿಯ ಪ್ರೇರಣಾ ಎಂಬ ಹುಡುಗಿ. "ಸರ್, ಒಂದೇ ನೆನಪಿಡಿ. ಇದನ್ನ ಯಾವತ್ತೂ ಆಫ್ ಮಾಡ್ಬೇಡಿ" ಎಂದಳು. ನನ್ನ ಮಗಳ ವಯಸ್ಸು. ನನಗೆ ಪಾಠ ಹೇಳುತ್ತಾಳೆ.

ಮಳೆ ಪುಸ್ತಕವನ್ನು ಬೀರುವಿನಲ್ಲಿಟ್ಟು ಬೀಗ ಜಡಿದೆ. ಬೇಡ ಎಂದ ಮೇಲೆ ಇನ್ನೊಂದು ಅಕ್ಷರ ಬರೆದರೆ ನನ್ನ ಹೆಸರು ಯಜ್ಞನಾರಾಯಣ ಅಲ್ಲ.

19 ಮಾರ್ಚ್, ಶುಕ್ರವಾರ

ಹೇಸಿಗೆ. ಗೌಡರ ಮನೆಯಲ್ಲಿ ಬಳಸಿ ಬಿಟ್ಟ ಯಂತ್ರ ಇದು. ಕೀಲಿಗಳ ಸಂದಿಯಲ್ಲಿ ಯಾರೋ ತಿಂದ ಬಿಸ್ಕತ್ತಿನ ಪುಡಿ, ಆ ಪುಡಿಗೆ ಇರುವೆ ಸಾಲು. ಹೊಟ್ಟೆ ಸದಾ ಬಿಸಿ, ಅದಕ್ಕೇ ಹಲ್ಲಿಯೊಂದು ಅದರಡಿ ಮನೆ ಮಾಡಿಕೊಂಡು ನನ್ನ ಮೇಜಿನ ಮೇಲೆ ಹಿಕ್ಕೆ ಹಾಕುತ್ತಿದೆ. ಬೆರಳಲ್ಲಿ ಮುಟ್ಟಲು ಮನಸ್ಸಾಗದೆ ಪೆನ್ಸಿಲ್ಲಿನ ಹಿಂಬದಿಯಿಂದ ಒತ್ತುತ್ತೇನೆ.

ಪಾಪಮ್ಮ ಪೊರಕೆ ಹಿಡಿದುಕೊಂಡೇ ಬಗ್ಗಿ ಕಿವಿಗೊಟ್ಟು ಕೇಳಿ, "ಇದು ಉಸ್ರಾಡ್ತದಾ ರೈಟ್ರೇ?" ಎಂದಳು. ಹನ್ನೊಂದು ವರ್ಷದಿಂದ ಆಫೀಸಿನ ಕಸ ಹೊಡೆಯುವವಳು. ಮೊಣಕಾಲು ಕೆಟ್ಟು ಏರು ಹತ್ತಲಾಗದೆ ಹೋದಾಗ ದಿಲೀಪರ ತಂದೆ ದೊಡ್ಡ ಗೌಡರೇ ತೋಟದ ಕೆಲಸ ಬಿಡಿಸಿ ಇಲ್ಲಿಗೆ ಹಾಕಿದ್ದರು. ದೂರ ನಿಲ್ಲು ಎಂದೆ.

ಮಳೆಯಿಲ್ಲ. ಯಂತ್ರ ದಿನವಿಡೀ ಸೊನ್ನೆ ಬರೆಯುತ್ತಿದೆ. ಸೊನ್ನೆ ಬರೆಯಲು ಇಷ್ಟು ಕರೆಂಟು.

23 ಮಾರ್ಚ್, ಮಂಗಳವಾರ

ನಿನ್ನೆ ಸಂಜೆ ಹೂಮಳೆ ಬಿತ್ತು. ಐದಕ್ಕೆ ಮೊದಲ ಗುಡುಗು ಕೇಳಿದ್ದೇ ಎಳೆಯುವುದನ್ನೆಲ್ಲ ಎಳೆದು, ಮುಚ್ಚುವುದನ್ನು ಮುಚ್ಚಿ, ಕೊಡೆ ಹಿಡಿದು ಮನೆಗೆ ಓಡಿದೆ. ಒಂದು ಗಂಟೆ ಒಳ್ಳೆಯ ಜಡಿ. ಹೆಂಡತಿ ಸೀತಮ್ಮ ಬಾಗಿಲಲ್ಲಿ ನಿಂತು, "ಈ ಸಲ ಹೂವು ಚೆನ್ನಾಗಾಗತ್ತೆ ನೋಡಿ" ಎಂದಳು. ನನಗೂ ಖುಷಿಯಾಗಿತ್ತು, ಸುಳ್ಳು ಹೇಳುವುದಿಲ್ಲ.

ಬೆಳಿಗ್ಗೆ ಏಳಕ್ಕೆ ಆಫೀಸು ತೆಗೆದು ಯಂತ್ರ ನೋಡುತ್ತೇನೆ, ನಿನ್ನೆ ಸಂಜೆಯಿಂದ ಇಡೀ ರಾತ್ರಿ ಸೊನ್ನೆ! ಆಮೇಲೆ ನನ್ನ ಕಣ್ಣೆದುರೇ ಹೊಸ ಸಾಲು ಮೂಡಿತು. ಇವತ್ತು ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ ಒಂದು ಇಂಚು ಆರು ಸೆಂಟು ಮಳೆ. ಅಂಗಳದಲ್ಲಿ ಎಳೆ ಬಿಸಿಲು ಬಿದ್ದಿತ್ತು.

ಛೀ. ಮೂವತ್ತೊಂದು ವರ್ಷದಲ್ಲಿ ನಾನು ಇಂಥ ಹಸಿ ಸುಳ್ಳು ಬರೆದವನಲ್ಲ.

25 ಮಾರ್ಚ್, ಗುರುವಾರ

ಪ್ರೇರಣಾಗೆ ಫೋನು ಮಾಡಿದೆ. "ಆಫ್ ಮಾಡಿದ್ರಾ ಸರ್?" ಎಂದಳು. ಮೊದಲ ಪ್ರಶ್ನೆಯೇ ನನ್ನ ಮೇಲೆ! ಮಾಡಿಲ್ಲ ಎಂದೆ. ಅದು ನಿಜ.

"ಹಾಗಾದ್ರೆ ಆಲಿಕೆಗೆ ಎಲೆ ಗಿಲೆ ಸಿಕ್ಕಿ ನೀರು ನಿಂತಿರ್ಬೇಕು ಸರ್. ಬೆಳಿಗ್ಗೆ ಯಾರೋ ಮುಟ್ಟಿದಾಗ ಒಟ್ಟಿಗೆ ಇಳಿದಿರುತ್ತೆ. ಇಲ್ಲಾಂದ್ರೆ ಯಾರಾದ್ರೂ ನೀರು ಹುಯ್ದಿರ್ಬೇಕು. ಬೆಳಿಗ್ಗೆ ಅಲ್ಲಿ ಯಾರಿರ್ತಾರೆ?"

ಯಾರಿರುತ್ತಾರೆ? ಕಸ ಹೊಡೆಯಲು ಪಾಪಮ್ಮ ಇರುತ್ತಾಳೆ. ಆಲಿಕೆ ಇಣುಕಿ ನೋಡಿದೆ. ಎಲೆಯೇನೂ ಇರಲಿಲ್ಲ.

29 ಮಾರ್ಚ್, ಸೋಮವಾರ

ಶನಿವಾರ ಮಧ್ಯಾಹ್ನ ಗುಡುಗಿಲ್ಲದೆ ಸಣ್ಣ ಸೋನೆ ಹನಿಯಿತು. ಯಂತ್ರ ಹೊತ್ತು ತಪ್ಪದೆ ಬರೆದುಕೊಂಡಿತು, ಒಂಬತ್ತು ಸೆಂಟು. ನಿನ್ನೆ ಸಂಜೆ ಗುಡುಗು ಸಿಡಿಲಿನ ಜಡಿಮಳೆ. ಇವತ್ತು ನೋಡಿದರೆ ಮತ್ತೆ ಸಂಜೆಗೆ ಸೊನ್ನೆ, ಬೆಳಿಗ್ಗೆ ಏಳೂ ಹತ್ತಕ್ಕೆ ಎಪ್ಪತ್ತೆರಡು ಸೆಂಟು. ಸೋನೆಗೆ ನಿಜ, ಜಡಿಗೆ ಸುಳ್ಳು! ಇದರ ಮುಖ ನೋಡಿದರೆ ಕಾಫಿ ಸೇರುವುದಿಲ್ಲ.

ಕಿಟಕಿಯಿಂದ ನೋಡಿದೆ. ಪಾಪಮ್ಮ ಬೇಲಿಯೊಳಗೆ ಬಗ್ಗಿ ಹಳೆಯ ತಾಮ್ರದ ಗೇಜಿನ ಬಾಟಲಿ ತೆಗೆದು ನೀರು ಚೆಲ್ಲುತ್ತಿದ್ದಳು. ಅದು ಬೇಡವೆಂದು ಹೇಳಿಯಾಗಿದೆಯಲ್ಲ ಎಂದು ಗದರಿದೆ.

"ತುಂಬಿದ್ನ ಚೆಲ್ಲದೇ ಇದ್ರೆ ನಾಳಿನ ಮಳೆ ಎಲ್ಲಿ ಬೀಳ್ಬೇಕು ರೈಟ್ರೇ? ಎಪ್ಪತ್ತೆರಡು ಇತ್ತು. ಬರ್ಕಳಲ್ವಾ?"

"ನನ್ನ ಕೆಲಸ ಅಲ್ಲ" ಎಂದೆ.

ಅವಳಿಗೆ ಓದು ಬರಹ ಬರುವುದಿಲ್ಲ. ಆದರೆ ಗಾಜಿನ ಗೆರೆ ಗೊತ್ತು. ಮಳೆಗಾಲದಲ್ಲಿ ಆ ಹುಲ್ಲಿನಲ್ಲಿ ರಕ್ತ ಹೀರುವ ಇಂಬಳ ಇರುತ್ತದೆಂದು ಗಾಜನ್ನು ಅವಳೇ ಮೇಜಿಗೆ ತರುತ್ತಿದ್ದಳು, ನಾನು ನೋಡಿ ಬರೆಯುತ್ತಿದ್ದೆ. ಇಂಬಳ ಕಾಲಿಗೆ ಹತ್ತುವುದನ್ನು ನೆನೆದರೇ ನನಗೆ ಮೈ ಜುಮ್ಮೆನ್ನುತ್ತದೆ.

4 ಏಪ್ರಿಲ್, ಭಾನುವಾರ

ಸಣ್ಣ ಗೌಡರು ಬೆಳಿಗ್ಗೆ ಏಳಕ್ಕೇ ಜೀಪು ತಂದು ನಿಲ್ಲಿಸಿದರು. ಮುಖ ಕೆಂಪಗಿತ್ತು. ಯಂತ್ರ ಬರೆದ ಲೆಕ್ಕವನ್ನು ಹಾಳೆಗೆ ಅಚ್ಚು ಹಾಕಿಸಿ ಕ್ಲಬ್ಬಿಗೆ ಒಯ್ದು ಬೇರೆ ಪ್ಲಾಂಟರುಗಳಿಗೆ ತೋರಿಸಿದ್ದರಂತೆ. "'ನಿಮ್ಮ ತೋಟದಲ್ಲಿ ಮಳೆನೂ ಬೆಳಿಗ್ಗೆ ಏಳಕ್ಕೆ ಮಸ್ಟರಿಗೆ ಬಂದು ಹಾಜರಿ ಹಾಕುತ್ತಾ' ಅಂತ ಕೇಳಿ ನಗ್ತಾರೆ ರೈಟ್ರೇ. ನಂಗೆ ತಲೆ ಎತ್ತಕ್ಕಾಗ್ಲಿಲ್ಲ" ಎಂದರು.

ನಿನ್ನೆ ಸಂಜೆಯೂ ಗುಡುಗಿನ ಮಳೆ ಬಂದಿತ್ತು. ಗೌಡರು ಮಾತಾಡುತ್ತಿರುವಾಗಲೇ ಕಿಟಕಿಯಾಚೆ ಪಾಪಮ್ಮ ಬಾಟಲಿ ಹಿಡಿದು ಬೇಲಿಯೊಳಗೆ ನಿಂತಿದ್ದಳು, ಬಾಟಲಿಯಲ್ಲಿ ನೀರು. ಮೇಜಿನ ಮೇಲೆ ಯಂತ್ರ ಏಳೂ ಹತ್ತರ ಸಾಲು ಮೂಡಿಸಿತು. ಗೌಡರು ಅದನ್ನೂ ನೋಡಿದರು, ಅವಳನ್ನೂ ನೋಡಿದರು.

"ಅವಳು ನೀರು ಹಿಡ್ಕೊಂಡು ಅಲ್ಲಿ ಎಂತ ಮಾಡ್ತಿದಾಳೆ?"

"ನನಗೆ ಗೊತ್ತಿಲ್ಲ ಗೌಡ್ರೇ" ಎಂದೆ.

ಸಂಜೆ ಆಲಿಕೆಗೆ ಕಸ ಕಟ್ಟಿದ್ದನ್ನು ನೋಡದೆ ಬಿಟ್ಟು, ಬೈಗುಳ ತಪ್ಪಿಸಿಕೊಳ್ಳಲು ಬೆಳಿಗ್ಗೆ ತಾನೇ ನೀರು ಹುಯ್ಯುತ್ತಾಳೆ ಎಂದು ಅವರೇ ತೀರ್ಮಾನಿಸಿದರು. ನಾನು ಹಾಗೆ ಹೇಳಲಿಲ್ಲ. ಹಳೆಯ ಗೇಜು ಲೆಕ್ಕಕ್ಕಿಲ್ಲ ಎಂದವರು ಅವರೇ. ಲೆಕ್ಕಕ್ಕಿಲ್ಲದ ಗೇಜಿನ ವಿಷಯ ನನಗೇಕೆ ಗೊತ್ತಿರಬೇಕು? ಅಲ್ಲದೆ ಹೊಸದಕ್ಕೆ ಅವಳು ಹುಯ್ದೇ ಇಲ್ಲ ಎಂದು ನಾನೇನು ಕಾವಲು ಕೂತಿದ್ದೆನೇ?

5 ಏಪ್ರಿಲ್, ಸೋಮವಾರ

ಬೆಳಿಗ್ಗೆ ಮಸ್ಟರಿನಲ್ಲಿ, ಆಳುಗಳ ಹಾಜರಿಗೆ, ಎಲ್ಲರೂ ಸಾಲಾಗಿ ನಿಂತಿದ್ದಾಗ ಮೇಸ್ತ್ರಿ ಕೂಗಿ ಹೇಳಿದ: "ಮಿಷಿನ್ನಿಗೆ ನೀರು ಹುಯ್ಯೋರಿಗೆ ಇನ್ನು ಆಫೀಸ್ ಕೆಲಸ ಇಲ್ಲ. ಪಾಪಮ್ಮ ಹದ್ದುಗಲ್ಲು ಬ್ಲಾಕಿಗೆ." ಅರವತ್ತು ಜನ ನಕ್ಕರು. ಅವಳು ನಗುವವರನ್ನು ನೋಡಲಿಲ್ಲ, ಆಫೀಸಿನ ಮೆಟ್ಟಿಲ ಮೇಲಿದ್ದ ನನ್ನನ್ನು ನೋಡಿದಳು. ನಾನು ಕನ್ನಡಕ ಒರೆಸಿಕೊಂಡೆ.

9 ಏಪ್ರಿಲ್, ಶುಕ್ರವಾರ

ಆಫೀಸು ಗಬ್ಬೆದ್ದಿದೆ. ಕಸ ಹೊಡೆಯಲು ಯಾರನ್ನೂ ಕೊಟ್ಟಿಲ್ಲ. ಕಾಫಿ ಲೋಟದ ತಳದಲ್ಲಿ ಬೂಷ್ಟು, ಮೂಲೆಯಲ್ಲಿ ಸತ್ತ ಜಿರಲೆ. ಪೊರಕೆ ಬಾಗಿಲ ಹಿಂದೆಯೇ ಇದೆ, ಆದರೆ ಅದು ನನ್ನ ಕೆಲಸವಲ್ಲ.

ಹದ್ದುಗಲ್ಲು ಬ್ಲಾಕಿನಲ್ಲಿ ನೆರಳು ಮರಗಳ ಕೊಂಬೆ ಕಡಿಯುವ ಮರಗಸಿ ನಡೆದಿದೆ. ಕಡಿದ ಕೊಂಬೆಗಳನ್ನು ಎಳೆದು ರಾಶಿ ಹಾಕುವುದು ಹೆಂಗಸರ ಕೆಲಸ. ನಿಂತರೆ ಜಾರುವ ಇಳಿಜಾರು ಅದು. ಪಾಪಮ್ಮ ಒಂದೊಂದು ಸಲ ಕೂತುಕೊಂಡೇ ಇಳಿಯುತ್ತಾಳೆ ಎಂದು ಸೀತಮ್ಮ ಹೇಳಿದಳು. ಊಟಕ್ಕೆ ಬಡಿಸುತ್ತಾ, "ರೀ, ಅವಳು ಚೆಲ್ತಿದ್ದಿದ್ದು ಹಳೇ ಬಾಟ್ಲಿ ಅಲ್ವಾ? ನಿಮಗೆ ಗೊತ್ತಿತ್ತಲ್ವಾ?" ಎಂದಳು. ಸಾರು ಸಪ್ಪೆ ಎಂದು ಎದ್ದೆ. ಸಾರು ಸಪ್ಪೆ ಇರಲಿಲ್ಲ.

12 ಏಪ್ರಿಲ್, ಸೋಮವಾರ

ನಿನ್ನೆ ಸಂಜೆ ಗುಡುಗಿನ ಮಳೆ. ಇವತ್ತು ಏಳೂ ಹತ್ತಕ್ಕೆ ಎಂಬತ್ತೆಂಟು ಸೆಂಟು.

ಅಂಗಳದಲ್ಲಿ ನರಪಿಳ್ಳೆ ಇರಲಿಲ್ಲ. ನಾನು ಕಿಟಕಿಯಲ್ಲೇ ನಿಂತು ನೋಡುತ್ತಿದ್ದೆ. ಪಾಪಮ್ಮ ಹದ್ದುಗಲ್ಲಿನಲ್ಲಿದ್ದಾಳೆ, ಮಳೆ ಇಲ್ಲಿ ಬಿದ್ದಿದೆ.

ಗೌಡರಿಗೆ ಫೋನು ಮಾಡಲು ಕೈ ಹೋಗಿತ್ತು. ಆದರೆ ಏನೆಂದು ಹೇಳುವುದು? ಯಂತ್ರ ಯಾಕೆ ಹೀಗೆ ಮಾಡುತ್ತದೆ ಎಂದು ಮೊದಲು ತಿಳಿಯಲಿ ಎಂದುಕೊಂಡು ಪ್ರೇರಣಾಗೆ ಮಾಡಿದೆ. ಸಂಜೆಯಿಂದ ಬೆಳಗಿನವರೆಗೆ ಆಫೀಸಿನಲ್ಲಿ ಏನೇನು ಮಾಡುತ್ತೀರಿ, ಒಂದೂ ಬಿಡದೆ ಬರೆದಿಡಿ, ನಾನೇ ಬರುತ್ತೇನೆ ಎಂದಳು. ಕಳ್ಳನ ಹತ್ತಿರ ಹೇಳಿಕೆ ಬರೆಸಿಕೊಂಡ ಹಾಗೆ. ಆದರೂ ಬರೆದೆ, ಕಿಟಕಿ ಚಿಲಕ ಹಾಕುವುದನ್ನೂ ಬಿಡಲಿಲ್ಲ.

15 ಏಪ್ರಿಲ್, ಗುರುವಾರ

ಬರೆಯಲು ನಾಚಿಕೆಯಾಗುತ್ತದೆ. ಬರೆಯುತ್ತೇನೆ.

ಪ್ರೇರಣಾ ಹನ್ನೊಂದರ ಬಸ್ಸಿಗೆ ಬಂದಳು. ಮೇಜು ನೋಡಿ ಮೂಗು ಮುಚ್ಚಿಕೊಳ್ಳಲಿಲ್ಲ, ಅಷ್ಟು ಒಳ್ಳೆಯವಳು. ಮಧ್ಯಾಹ್ನ ಮೂರರವರೆಗೆ ಬಿಳಿ ಗೇಜಿಗೆ ಮಗ್ಗಿನಲ್ಲಿ ನೀರು ಹುಯ್ದು ನೋಡಿದಳು. ಹುಯ್ದಷ್ಟನ್ನೂ ಹುಯ್ದ ಹೊತ್ತಿಗೇ ಯಂತ್ರ ಬರೆಯಿತು. ನನ್ನ ಪಟ್ಟಿಯನ್ನು ಎರಡು ಸಲ ಓದಿದಳು. "ಎಲ್ಲ ಸರಿ ಇದೆ ಸರ್, ನಂಗೂ ಅರ್ಥ ಆಗ್ತಿಲ್ಲ" ಎಂದಳು.

ಮೂರೂವರೆಗೆ ಮುಳ್ಳಯ್ಯನಗಿರಿ ಕಡೆಯಿಂದ ಗುಡುಗಿತು. ನಾನು ಮಾತಾಡುತ್ತಲೇ ಎದ್ದು ಗೋಡೆಯ ಪ್ಲಗ್ಗು ಎಳೆದೆ, ಫೋನಿನ ವಯರು ಎಳೆದೆ, ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿ ಮೇಲೆ ಟವಲು ಹೊದಿಸಿ ಬಂದು ಕೂತೆ. ಹುಡುಗಿ ಬಾಯಿ ತೆರೆದುಕೊಂಡು ನೋಡುತ್ತಿದ್ದಳು.

"ಸರ್, ಈಗ ಎಂತ ಮಾಡಿದ್ರಿ?"

"ಎಂತ ಮಾಡ್ದೆ?"

"ಅದನ್ನ ಮುಚ್ಚಿದ್ರಲ್ಲ!"

"ಗುಡುಗು ಬಂತಲ್ಲಮ್ಮ. ಗುಡುಗಿಗೆ ಪ್ಲಗ್ ಎಳೀದೇ ಇರೋರು ಈ ಕಡೆ ಯಾರಿದಾರೆ? ಹೋದ ವರ್ಷ ಸಿಡಿಲಿಗೆ ಎರಡು ಟೀವಿ ಹೋಯ್ತು. ಆಫ್ ಮಾಡ್ಬೇಡಿ ಅಂದಿದ್ದೆ ನೀನು, ನಾನು ಆಫ್ ಮಾಡ್ಲಿಲ್ಲ. ಮುಚ್ಚಿ ಇಟ್ಟೆ, ಅಷ್ಟೆ. ಬೆಳಿಗ್ಗೆ ಬಂದು ತೆಗೀತೀನಿ."

"ಪಟ್ಟಿಲಿ ಬರೀಲೇ ಇಲ್ಲ?"

"ಉಸಿರಾಡಿದ್ದನ್ನೂ ಬರೀಬೇಕಿತ್ತಾ?"

ಅವಳು ತಲೆ ಹಿಡಿದುಕೊಂಡು ನಕ್ಕಳು. ಆಮೇಲೆ ನಿಧಾನಕ್ಕೆ ಹೇಳಿದಳು. ಮುಚ್ಚಿದರೆ ಯಂತ್ರ ಮಲಗುತ್ತದೆ. ಪುಟ್ಟ ಪೆಟ್ಟಿಗೆಯೊಳಗೆ ಸೆಲ್ ಇರುವುದರಿಂದ ಅದು ಮಾತ್ರ ಎಣಿಸುತ್ತಲೇ ಇರುತ್ತದೆ. ಬೆಳಿಗ್ಗೆ ನಾನು ಮುಚ್ಚಳ ತೆಗೆದಾಗ ಯಂತ್ರ ಎದ್ದು, ರಾತ್ರಿಯಿಡೀ ಬಿದ್ದದ್ದನ್ನು ಪೆಟ್ಟಿಗೆಯಿಂದ ಒಟ್ಟಿಗೆ ಕೇಳಿಕೊಂಡು, ತಾನು ಎದ್ದ ಹೊತ್ತಿಗೇ ಮಳೆ ಬಂತೆಂದು ಬರೆಯುತ್ತದೆ. ಮಲಗಿದ್ದ ಹೊತ್ತಿಗೆಲ್ಲ ಸೊನ್ನೆ. ಈ ಕಡೆಯ ಹೂಮಳೆ ಗುಡುಗಿಲ್ಲದೆ ಬರುವುದು ಅಪರೂಪ. ಅಂದರೆ ದೊಡ್ಡ ಮಳೆ ಬಂದಾಗಲೆಲ್ಲ ನಾನೇ ಅದನ್ನು ಮಲಗಿಸಿದ್ದೇನೆ.

ಎಂಥ ಹೇಸಿಗೆಯ ಬುದ್ಧಿ ಅದರದ್ದು. ನಿದ್ದೆಗಣ್ಣಲ್ಲಿ ಎದ್ದು, ತಾನು ಕಾಣದ ಮಳೆಯನ್ನು ಇನ್ನೊಬ್ಬರಿಂದ ಕೇಳಿ, ತಾನೇ ಕಂಡವರ ಹಾಗೆ ಬರೆಯುವುದು.

ಮುಚ್ಚಿದರೂ ಮಲಗದ ಹಾಗೆ ಅವಳು ಒಳಗೆ ಏನೋ ಬದಲಾಯಿಸಿದಳು, ಅರ್ಧ ನಿಮಿಷದ ಕೆಲಸ. ಆಮೇಲೆ ಅಂಗಡಿಯ ಚೀಟಿ ತೆಗೆದು, "ಕಾರಣ ಎಂತ ಅಂತ ಬರೀಲಿ ಸರ್?" ಎಂದಳು.

"ಮೆಷಿನ್ನಿನ ದೋಷ ಅಂತ ಬರಿಯಮ್ಮ."

ಅವಳು ನನ್ನ ಮುಖ ನೋಡಿದಳು. ಸೆಟ್ಟಿಂಗ್ ಬದಲಾಯಿಸಿದೆ ಎಂದಷ್ಟೇ ಬರೆದು, ಕಾರಣದ ಜಾಗ ಖಾಲಿ ಬಿಟ್ಟು ಐದರ ಬಸ್ಸಿಗೆ ಹೋದಳು. ಪಾಪಮ್ಮನ ವಿಷಯ ಅವಳಿಗೆ ಗೊತ್ತಿಲ್ಲ. ನಾನು ಹೇಳಲಿಲ್ಲ.

18 ಏಪ್ರಿಲ್, ಭಾನುವಾರ

ಗೌಡರು ಹಾಳೆ ನೋಡಿ ಕುಣಿದಾಡಿದರು. ಶುಕ್ರವಾರದ ಮಳೆ ಸಂಜೆ ನಾಲ್ಕೂ ನಲವತ್ತಕ್ಕೆ ಶುರುವಾಗಿ ಆರಕ್ಕೆ ನಿಂತದ್ದು ಐದೈದು ನಿಮಿಷದ ಲೆಕ್ಕದಲ್ಲಿ ಬಂದಿದೆ. ಚೀಟಿಯನ್ನು ಅವರು ಓದಲೂ ಇಲ್ಲ.

"ನೋಡಿದ್ರಾ ರೈಟ್ರೇ? ಅವಳನ್ನ ಅಲ್ಲಿಂದ ತೆಗೆದ್ಮೇಲೆ ಮೆಷಿನ್ ಹೆಂಗೆ ಸರಿಯಾಯ್ತು!"

"ಹೌದು ಗೌಡ್ರೇ" ಎಂದೆ.

ಥೂ ನನ್ನ ಜನ್ಮಕ್ಕೆ. ಹಲ್ಲಿ, ಜಿರಲೆ, ಇಂಬಳ ಎಲ್ಲಕ್ಕೂ ಮುಖ ಸಿಂಡರಿಸುವ ನನಗೆ ಆ ಮಾತು ಆಡುವಾಗ ಏನೂ ಆಗಲಿಲ್ಲ. ಈಗ ಆಗುತ್ತಿದೆ. ಊಟ ಮಾಡಲಿಲ್ಲ. ಸೀತಮ್ಮ ಏಕೆ ಎಂದು ಕೇಳಲೂ ಇಲ್ಲ.

20 ಏಪ್ರಿಲ್, ಮಂಗಳವಾರ

ಗೌಡರಿಗೆ ಫೋನು ಮಾಡಿ ಎಲ್ಲ ಹೇಳಿದೆ. ಪ್ಲಗ್ಗು, ಮುಚ್ಚಳ, ಟವಲು, ಹಳೆಯ ಬಾಟಲಿ ಎಲ್ಲ. ಕೆಲಸದಿಂದ ತೆಗೆದರೂ ತೆಗೆಯಲಿ ಎಂದು ಗಟ್ಟಿ ಮಾಡಿಕೊಂಡಿದ್ದೆ. ಅವರು ಆ ಕಡೆಯಿಂದ ಗಹಗಹಿಸಿ ನಕ್ಕರು. "ಅಯ್ಯೋ ಮಾರಾಯ್ರೇ, ಇದನ್ನ ಕ್ಲಬ್ಬಲ್ಲಿ ಹೇಳ್ಬೇಕು! ಆಯ್ತು ಬಿಡಿ, ಅವಳನ್ನ ವಾಪಸ್ ಆಫೀಸಿಗೆ ಹಾಕ್ಕೊಳ್ಳಿ." ಮುಗಿಯಿತು. ಇಷ್ಟೇ ಆಗಿದ್ದಕ್ಕೆ ನಾನು ಐದು ದಿನ ಹೆದರಿದ್ದೆ.

ಸಂಜೆ ಕೂಲಿಯವರ ಲೈನು ಮನೆಗೆ ಹೋದೆ. ಪಾಪಮ್ಮ ಹೊಸಿಲ ಮೇಲೆ ಕೂತು ಮೊಣಕಾಲಿಗೆ ಬಿಸಿನೀರಿನ ಬಟ್ಟೆ ಇಟ್ಟುಕೊಳ್ಳುತ್ತಿದ್ದಳು. ಕಾಲು ಕುಂಬಳಕಾಯಿಯಷ್ಟು ಊದಿದೆ. ಹೇಳಿದೆ. ನಾಳೆಯಿಂದ ಆಫೀಸಿಗೆ ಬಾ ಎಂದೆ.

"ಬರಲ್ಲ ರೈಟ್ರೇ."

"ಗೌಡ್ರೇ ಹೇಳಿದಾರೆ ಪಾಪಮ್ಮ."

"ಗೌಡ್ರು ನಿಮ್ಗೆ ಫೋನಲ್ಲಿ ಹೇಳಿದ್ರು. ನನ್ ಹೆಸ್ರು ಹಾಳಾಗಿದ್ದು ಮಸ್ಟರಲ್ಲಿ. ಮಕ್ಕಳೆಲ್ಲ ನನ್ನ 'ಮಳೆ ಹುಯ್ಯೋ ಪಾಪಮ್ಮ' ಅಂತಾರೆ. ಕಾಲು ನೋವು ತಡ್ಕಂತೀನಿ, ಅದನ್ನ ತಡ್ಯಕ್ಕಾಗಲ್ಲ." ಬಟ್ಟೆ ಹಿಂಡಿ ಮತ್ತೆ ಇಟ್ಟುಕೊಂಡಳು. "ಹನ್ನೊಂದು ವರ್ಷ ನಾನು ಬಾಗ್ಲಲ್ಲಿ ನಿಂತು ಕೂಗಿ ಹೇಳಿದ್ನ ನೀವು ಬರ್ಕಂಡ್ರಿ. ಒಂದಿನ ಗಾಜು ತೋರ್ಸು ಅಂದ್ರಾ? ನನ್ ಮಾತು ಸುಳ್ಳಾಗಿದ್ರೆ ನಿಮ್ ಪುಸ್ತಕನೂ ಸುಳ್ಳು ಅಲ್ವಾ?"

ಗಾಜು ಮೇಜಿಗೆ ಬರುತ್ತಿತ್ತು ಎಂದು ಹಿಂದೆ ಬರೆದಿದ್ದೇನೆ. ಮೊದಮೊದಲು ಬರುತ್ತಿತ್ತು.

22 ಏಪ್ರಿಲ್, ಗುರುವಾರ

ನಿನ್ನೆ ಮಸ್ಟರಿನಲ್ಲಿ ಹೇಳಬೇಕೆಂದು ಹೋಗಿ ಹಾಗೇ ಬಂದೆ. ಇವತ್ತು ಹೇಳಿದೆ.

ಮೆಟ್ಟಿಲ ಮೇಲೆ ನಿಂತಲ್ಲ, ಕೆಳಗೆ ಅಂಗಳಕ್ಕೆ ಇಳಿದು. "ಮಿಷಿನ್ನಿಗೆ ಪಾಪಮ್ಮ ನೀರು ಹುಯ್ಯಲಿಲ್ಲ. ಅದನ್ನ ಗುಡುಗಿಗೆ ಹೆದರಿ ಮಲಗಿಸಿದ್ದು ನಾನು. ಅವಳು ಚೆಲ್ತಿದ್ದಿದ್ದು ಹಳೇ ಬಾಟ್ಲಿ. ಅದು ನಂಗೆ ಅವತ್ತೇ ಗೊತ್ತಿತ್ತು. ಗೊತ್ತಿದ್ದೂ ಗೊತ್ತಿಲ್ಲ ಅಂದೆ." ಅರವತ್ತು ಜನ ನಗುತ್ತಾರೆ ಎಂದುಕೊಂಡಿದ್ದೆ. ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಮೇಸ್ತ್ರಿ ನೆಲ ನೋಡುತ್ತಿದ್ದ. ಪಾಪಮ್ಮ ಸೆರಗು ಸರಿ ಮಾಡಿಕೊಂಡು ಸಾಲಿನ ಜೊತೆ ಹದ್ದುಗಲ್ಲಿಗೇ ಹೊರಟಳು, ತಿರುಗಿ ನೋಡಲಿಲ್ಲ.

ಸಂಜೆ ಗುಡುಗು. ಪ್ಲಗ್ಗು ಎಳೆದೆ.

23 ಏಪ್ರಿಲ್, ಶುಕ್ರವಾರ

ಬೆಳಿಗ್ಗೆ ಬೀಗ ತೆಗೆಯುವಾಗ ಬೆನ್ನ ಹಿಂದೆ ಕೆಮ್ಮು ಕೇಳಿಸಿತು. ಪಾಪಮ್ಮ. ಕೋಲೂರಿಕೊಂಡು ಒಳಗೆ ಬಂದು ಲೋಟ, ಜಿರಲೆ, ಹಲ್ಲಿಯ ಹಿಕ್ಕೆ, ಹದಿನೆಂಟು ದಿನದ ಕಸ ಎಲ್ಲ ನೋಡಿದಳು. ಆಮೇಲೆ ನನ್ನನ್ನು ನೋಡಿ, "ಛೀ! ಮನ್ಷರು ಇರೋ ಜಾಗನಾ ಇದು?" ಎಂದಳು. ಆ ಛೀ ನನಗೆ ಸಲ್ಲಬೇಕಾದದ್ದೇ.

ಪೊರಕೆ ಹಿಡಿಯುವ ಮೊದಲು ಬೀರುವಿನ ಮೇಲಿಂದ ಅಳತೆಯ ಗಾಜು ಇಳಿಸಿ, ಸೆರಗಿನಲ್ಲಿ ಒರೆಸಿ, ನನ್ನ ಮುಂದೆ ಹಿಡಿದಳು. "ಬಾಟ್ಲಿಲಿದ್ದ ಹಳೇ ನೀರೆಲ್ಲ ನಿನ್ನೆ ಬೆಳಿಗ್ಗೆನೇ ಹುಡುಗ್ರ ಕೈಲಿ ಚೆಲ್ಸಿದೀನಿ. ನನ್ ಕಾಲು ಬಗ್ಗಲ್ಲ. ನೀವೇ ನೋಡ್ಕಂಡ್ ಬನ್ನಿ."

ಹೋದೆ. ಹುಲ್ಲು ಮೊಣಕಾಲೆತ್ತರ ಬೆಳೆದಿತ್ತು. ಬಾಟಲಿ ತೆಗೆದು ಗಾಜಿಗೆ ಸುರಿದು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದೆ. ನೀರು ಅಲ್ಲಾಡುತ್ತಿತ್ತು, ನಿಲ್ಲುವವರೆಗೆ ಕಾಯಬೇಕಾಯಿತು. ಹೀಗೆ ಕಾಯಬೇಕೆಂಬುದೇ ನನಗೆ ಮರೆತುಹೋಗಿತ್ತು.

ಬೀರು ತೆಗೆದು ಮಳೆ ಪುಸ್ತಕಕ್ಕೆ ಬರೆದೆ: ಒಂದು ಇಂಚು ಹದಿನಾಲ್ಕು ಸೆಂಟು. ಕೊನೆಯ ಕಾಲಮ್ಮಿನಲ್ಲಿ ಅಳೆದವರ ಹೆಸರು ಬರೆಯಬೇಕು. ಹಿಂದಿನ ಪುಟಗಳಲ್ಲೆಲ್ಲ ಯಜ್ಞನಾರಾಯಣ, ಯಜ್ಞನಾರಾಯಣ, ಯಜ್ಞನಾರಾಯಣ. ಹನ್ನೊಂದು ವರ್ಷದ ಪುಟಗಳಲ್ಲಿ ಅದನ್ನು ಹೊಡೆದು ಹಾಕಿ ಪಾಪಮ್ಮ ಎಂದು ಬರೆಯುತ್ತಾ ಕೂತೆ. ಮಧ್ಯಾಹ್ನದವರೆಗೆ ಎರಡು ವರ್ಷ ಮುಗಿಯಿತು.

ಇವತ್ತಿನದಕ್ಕೆ ಮಾತ್ರ ನನ್ನ ಹೆಸರು ಬರೆದೆ. ಕಾಲಿಗೆ ಎರಡು ಇಂಬಳ ಹತ್ತಿದ್ದವು.